ಸಂದಕ್‌ಫು ಹತ್ತುವ ಮೊದಲು ಶೂ ಕಟ್ಟುವುದನ್ನು ಕಲಿಯಿರಿ

ಪಶ್ಚಿಮ ಬಂಗಾಳದ ಸಂದಕ್‌ಫು (3,636 ಮೀಟರ್) ಹತ್ತಲು ಟೆಂಟ್ ಹೊರಬೇಕಿಲ್ಲ. ಮಾನೇಭಂಜನ್‌ನಿಂದ ಹೊರಟರೆ ಟುಮ್ಲಿಂಗ್, ಕಾಲಾಪೋಖ್ರಿ, ಸಂದಕ್‌ಫು ಹೀಗೆ ರಾತ್ರಿಗೊಂದು ತಂಗುಮನೆ, ಬಿಸಿ ಊಟ, ದಪ್ಪ ರಜಾಯಿ. ಹಾಗಾಗಿ ಸುಲಭವೆಂದುಕೊಂಡು ನಮ್ಮ ಉಡುಪಿ, ಮಂಗಳೂರು ಕಡೆಯ ಗೆಳೆಯರ ಗುಂಪುಗಳು ಹೊರಟುಬಿಡುತ್ತವೆ. ನಾನು ಜೊತೆಗಿದ್ದ ಎರಡು ಗುಂಪಿನಲ್ಲೂ ಕೈಕೊಟ್ಟದ್ದು ಉಸಿರಲ್ಲ, ಪಾದ.

1. ದಿನ ಗೊತ್ತುಮಾಡಿ. ದಾರಿ ಹಾದುಹೋಗುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಮಳೆಗಾಲದಲ್ಲಿ ಮುಚ್ಚಿರುತ್ತದೆ. ನವೆಂಬರ್ ಹಿಡಿಯಿರಿ, ಕಾಂಚನಜುಂಗಾ ನಿಚ್ಚಳವಾಗಿ ಕಾಣುವ ಕಾಲ. ಗೈಡ್ ಕಡ್ಡಾಯ. ದಾರಿ ನೇಪಾಳದ ಗಡಿಯ ಆಚೀಚೆ ಸಾಗುವುದರಿಂದ ಗುರುತಿನ ಚೀಟಿ ಕಿಸೆಯಲ್ಲೇ ಇರಲಿ.

2. ಶೂ. ಅಟ್ಟದ ಮೇಲಿಟ್ಟ ಹಳೆಯ ಶೂ ಖಂಡಿತ ಬೇಡ. ಪಾಲಿಯುರೆಥೇನ್ ಸೋಲ್ ನಮ್ಮ ಕರಾವಳಿಯ ತೇವಕ್ಕೆ ಒಳಗಿಂದಲೇ ಶಿಥಿಲವಾಗುತ್ತದೆ. ನೋಡಲು ಹೊಸದರಂತಿದ್ದರೂ ಹೆಬ್ಬೆರಳಿಂದ ಒತ್ತಿದರೆ ಪುಡಿ ಉದುರುತ್ತದೆ. ಗೆಳೆಯನೊಬ್ಬನ ಸೋಲ್ ಎರಡನೇ ದಿನವೇ ಕಿತ್ತುಬಂತು. ಉಳಿದ ದಾರಿಯನ್ನು ಅವನು ಹಗ್ಗ ಸುತ್ತಿಕೊಂಡು ನಡೆದ.

ಹೊಸದನ್ನು ಸಂಜೆ ಕೊಳ್ಳಿ, ಆಗ ಪಾದ ಊದಿರುತ್ತದೆ. ವರ್ಷವಿಡೀ ಚಪ್ಪಲಿ ಮೆಟ್ಟುವ ನಮ್ಮ ಬೆರಳುಗಳು ಅಗಲ, ಮುಂಭಾಗ ಇಕ್ಕಟ್ಟಾದ ಶೂ ಆಗುವುದಿಲ್ಲ. ಕಾಟನ್ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಗುಳ್ಳೆ ಏಳುವುದು ಅಲ್ಲಿಂದಲೇ. ಉಣ್ಣೆಯದು ದುಬಾರಿ, ಆದರೂ ಎರಡು ಜೊತೆ ತೆಗೆದುಕೊಳ್ಳಿ. ರಾತ್ರಿ ಮಲಗಲು ಬೇರೆಯೇ ಒಂದು ಒಣ ಜೊತೆ ಇರಲಿ.

3. ಅಭ್ಯಾಸ. ಮಲ್ಪೆಯ ಮರಳಿನಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ, ಜಿಮ್‌ನ ಟ್ರೆಡ್‌ಮಿಲ್ ಕೂಡ. ಬೆಳ್ತಂಗಡಿ ಬಳಿಯ ಗಡಾಯಿಕಲ್ಲು ಹತ್ತಿ, ಅದಕ್ಕಿಂತ ಮುಖ್ಯವಾಗಿ ಇಳಿಯಿರಿ. ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿತದಲ್ಲಿ. ಹೊಸ ಶೂ, ತುಂಬಿದ ಬ್ಯಾಗ್ ಸಮೇತ ನಾಲ್ಕು ವಾರಾಂತ್ಯವಾದರೂ ಆಗಲಿ.

4. ಬ್ಯಾಗ್ ಆರೇಳು ಕಿಲೋ ಮೀರದಿರಲಿ.

5. ದಾರಿಯಲ್ಲಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಲಿ. ಹಿಮ್ಮಡಿ ಬಿಸಿಯೆನಿಸಿತೋ, ಆ ಕ್ಷಣವೇ ಗುಂಪು ನಿಲ್ಲಬೇಕು. ಶೂ ಬಿಚ್ಚಿ, ಚರ್ಮ ಒರೆಸಿ, ಬಟ್ಟೆಯ ಮೆಡಿಕಲ್ ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಸುಕ್ಕಿಲ್ಲದಂತೆ ಅಂಟಿಸಿ. ಚೌಕ ಮೂಲೆ ಸಾಕ್ಸಿಗೆ ಸಿಕ್ಕಿ ಏಳುತ್ತದೆ. ತಲೆನೋವು, ವಾಕರಿಕೆ ಬಂದರೆ ಅಂದು ಮೇಲೇರಬೇಡಿ, ಜಾಸ್ತಿಯಾದರೆ ಕೆಳಗಿಳಿಸಿ. ಗುಂಪಿನ ಹಟ ಅಲ್ಲಿ ನಡೆಯಬಾರದು.

6. ಇಳಿಯುವ ದಿನ. ಸಂದಕ್‌ಫುವಿನಿಂದ ಕೆಳಗಿನ ಶ್ರೀಖೋಲಾ ಹಳ್ಳಿಗೆ ಸಾವಿರ ಮೀಟರಿಗೂ ಮಿಕ್ಕಿದ ಇಳಿತ. ಎರಡು ದಿನ ಮೊದಲೇ ಉಗುರು ಕತ್ತರಿಸಿರಬೇಕು. ಬೆಳಿಗ್ಗೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಲೇಸನ್ನು ಕೊನೆಯ ತೂತಿಗೆ ಅದೇ ಬದಿಯಿಂದ ತೂರಿಸಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ಎಳೆದು ಬಿಗಿದು ಕಟ್ಟಿ. ಹತ್ತು ಹೆಜ್ಜೆ ಇಳಿದು ನೋಡಿ: ಬೆರಳು ಶೂವಿನ ಮೂತಿಗೆ ತಾಗಿದರೆ ಮತ್ತೆ ಬಿಚ್ಚಿ ಕಟ್ಟಿ.