ಘಟ್ಟದ ಮೇಲೆ ಎರಡು ರಾತ್ರಿ, ಕಡಲ ಪಕ್ಕ ಎರಡು ರಾತ್ರಿ: ಉಳಿಯುವ ಜಾಗ ಹುಡುಕುವುದು ಹೇಗೆ?

ದಸರಾ ರಜೆ ಬಂತು ಅಂದರೆ ಮೈಸೂರು, ಮಂಡ್ಯ ಕಡೆಯ ನಮಗೆಲ್ಲ ಒಂದೇ ಆಸೆ. ಕಾಫಿ ತೋಟವನ್ನೂ ನೋಡಬೇಕು, ಸಮುದ್ರಕ್ಕೂ ಇಳಿಯಬೇಕು. ದಾರಿಯೂ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹುಣಸೂರು, ಕುಶಾಲನಗರ ದಾಟಿದರೆ ಮಡಿಕೇರಿ. ಸಂಪಾಜೆ ಘಾಟಿ ಇಳಿದರೆ ಸುಳ್ಯ, ಪುತ್ತೂರು, ಆಮೇಲೆ ಮಂಗಳೂರು. ಯಾವ ಊರಿಗೆ ಹೋಗಬೇಕು ಅಂತ ಮನೆಯಲ್ಲಿ ವಾರಗಟ್ಟಲೆ ಮಾತಾಡುತ್ತೇವೆ. ಉಳಿಯುವ ಜಾಗವನ್ನು ಮಾತ್ರ ನಾಲ್ಕು ಫೋಟೊ ನೋಡಿ ಬುಕ್ ಮಾಡಿಬಿಡುತ್ತೇವೆ.

ನಾನೂ ಒಮ್ಮೆ ಹಾಗೇ ಮಾಡಿದೆ. ‘ಬೀಚ್ ಪಕ್ಕ’ ಅಂತ ಬರೆದಿದ್ದ ಕೋಣೆ. ಹೋಗಿ ನೋಡಿದರೆ ನಮಗೂ ಸಮುದ್ರಕ್ಕೂ ನಡುವೆ ಹೆದ್ದಾರಿ. ಅದನ್ನು ದಾಟಿದರೆ ದಡದುದ್ದಕ್ಕೂ ಕಡಲ್ಕೊರೆತ ತಡೆಯಲು ಸುರಿದ ಕರಿಬಂಡೆಗಳ ರಾಶಿ. ಮಂಡಿನೋವಿನ ಅಮ್ಮ ಎರಡು ದಿನವೂ ದೂರದಿಂದ ಅಲೆ ನೋಡಿದಳೇ ಹೊರತು ಕಾಲು ನೆನೆಸಲಿಲ್ಲ. ಆಮೇಲೆ ನಾನು ರೂಢಿಸಿಕೊಂಡ ಕ್ರಮ ಇಲ್ಲಿದೆ.

1. ಮೊದಲು ರಾತ್ರಿಗಳನ್ನು ಎಣಿಸಿ

ನಾಲ್ಕು ರಾತ್ರಿ ಇದ್ದರೆ ಎರಡೇ ಜಾಗ ಸಾಕು. ದಿನಕ್ಕೊಂದು ಊರು ಖಂಡಿತ ಬೇಡ. ಬೆಳಿಗ್ಗೆ ಗಂಟುಮೂಟೆ ಕಟ್ಟು, ಸಂಜೆ ಬಿಚ್ಚು, ಇದರಲ್ಲೇ ರಜೆ ಮುಗಿದುಹೋಗುತ್ತದೆ. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿ.ಮೀ. ಅಲ್ಲಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಲೆಕ್ಕಕ್ಕೆ ಕಡಿಮೆ ಅನಿಸಿದರೂ ಘಾಟಿ ತಿರುವಿನಲ್ಲಿ ಗಂಟೆಗಳು ಜಾಸ್ತಿ ಹಿಡಿಯುತ್ತವೆ, ಮಕ್ಕಳಿಗೆ ವಾಂತಿ ಬೇರೆ. ಘಟ್ಟ ಇಳಿಯುವ ದಿನ ಬೇರೇನೂ ನೋಡುವ ಯೋಜನೆ ಇಟ್ಟುಕೊಳ್ಳಬೇಡಿ. ಹಗಲು ಇರುವಾಗಲೇ ಕೋಣೆ ಸೇರಿ.

2. ಯಾವ ತಿಂಗಳು ಅಂತ ನೋಡಿ

ಒಂದೇ ಮನೆ ಜುಲೈನಲ್ಲಿ ಒಂದು ಥರ, ಡಿಸೆಂಬರ್‌ನಲ್ಲಿ ಇನ್ನೊಂದು ಥರ. ಮಳೆಗಾಲದಲ್ಲಿ ಕೊಡಗು ನೋಡಲು ಚೆಂದ. ಆದರೆ ತೋಟದೊಳಗೆ ಜಿಗಣೆ ಕಾಟ, ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಗುಡ್ಡ ಕುಸಿದರೆ ರಸ್ತೆಯೇ ಬಂದ್. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಹೀಗೇ ಗುಡ್ಡ ಕುಸಿದು ಬಂದ್ ಆದದ್ದು ನಮಗೆಲ್ಲ ನೆನಪಿದೆ. ಮಳೆಗಾಲಕ್ಕೆ ಹೊರಟರೆ ಮುಖ್ಯರಸ್ತೆಗೆ ಹತ್ತಿರದ ಮನೆಯೇ ಒಳ್ಳೆಯದು.

ಕರಾವಳಿಯಲ್ಲೂ ಅಷ್ಟೇ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಮೀನು ಕಡಿಮೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ನೀರಿಗಿಳಿಯುವುದೂ ಅಪಾಯ. ಆಗ ಸಮುದ್ರದ ಎದುರಿನ ಕೋಣೆಗೆ ಜಾಸ್ತಿ ದುಡ್ಡು ಸುರಿಯುವುದರಲ್ಲಿ ಅರ್ಥ ಇಲ್ಲ.

3. ಮ್ಯಾಪ್ ತೆರೆಯಿರಿ

ಫೋಟೊ ಪಕ್ಕಕ್ಕಿಡಿ. ಗೂಗಲ್ ಮ್ಯಾಪ್‌ನಲ್ಲಿ ಆ ಜಾಗವನ್ನು ಸ್ಯಾಟಲೈಟ್ ನೋಟದಲ್ಲಿ ನೋಡಿ. ನಮ್ಮ ಕರಾವಳಿಯಲ್ಲಿ ಹೆದ್ದಾರಿ 66 ಸಮುದ್ರದ ಜೊತೆಜೊತೆಗೇ ಓಡುತ್ತದೆ. ಮರವಂತೆಯಲ್ಲಂತೂ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಕಾರಿನಿಂದ ನೋಡಲು ಅದ್ಭುತ. ಆದರೆ ಹೆದ್ದಾರಿ ಪಕ್ಕ ಮಲಗಿದರೆ ರಾತ್ರಿಯೆಲ್ಲ ಲಾರಿ ಸದ್ದು. ನೀವು ನೋಡುವ ಮನೆ ರಸ್ತೆಯ ಯಾವ ಕಡೆ ಇದೆ? ದಡದಲ್ಲಿ ಬಿಳಿ ಮರಳು ಕಾಣುತ್ತದಾ, ಕಪ್ಪು ಕಲ್ಲಿನ ಗೆರೆ ಕಾಣುತ್ತದಾ? ಇವೆರಡನ್ನು ನೋಡಿದ್ದರೆ ಅಮ್ಮನಿಗೆ ಅವತ್ತು ಆ ಬೇಸರ ಆಗುತ್ತಿರಲಿಲ್ಲ.

ಘಟ್ಟದ ಮೇಲಾದರೆ ಕೊನೆಯ ಎರಡು ಮೂರು ಕಿಲೋಮೀಟರ್ ನೋಡಿ. ಜೀಪ್ ಮಾತ್ರ ಹೋಗುವ ದಾರಿ ಎಷ್ಟೋ ಕಡೆ ಇದೆ. ನಿಮ್ಮ ಕಾರು ಎಲ್ಲಿ ನಿಲ್ಲಬೇಕು, ಅಲ್ಲಿಂದ ಜೀಪ್ ಬಾಡಿಗೆ ಯಾರದ್ದು ಅನ್ನುವುದು ಮೊದಲೇ ಗೊತ್ತಿರಲಿ.

4. ಫೋನ್ ಮಾಡಿ ಮಾತಾಡಿ

ನನ್ನ ಪ್ರಕಾರ ಇದೇ ಮುಖ್ಯ. ಆ್ಯಪ್‌ನಲ್ಲಿ ಬುಕ್ ಮಾಡುವವರೂ ಮೊದಲು ಒಂದು ಸಲ ಮಾತಾಡಿ. ರಿವ್ಯೂಗಳಲ್ಲಿ ಸಿಗದ್ದು ಐದು ನಿಮಿಷದ ಮಾತಿನಲ್ಲಿ ಸಿಗುತ್ತದೆ.

ಹೋದ ಸಲ ಉಡುಪಿ ಕಡೆಯ ಒಂದು ಮನೆಗೆ ಫೋನ್ ಮಾಡಿ, ನೀರು ಹೇಗೆ ಅಂತ ಕೇಳಿದೆ. ಆಚೆ ಕಡೆಯ ಹೆಂಗಸು ತಡಮಾಡದೆ ಹೇಳಿದರು: “ಬಾವಿ ನೀರು ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗ್ತದೆ ಅಕ್ಕ. ಸೋಪು ನೊರೆ ಬರುವುದಿಲ್ಲ. ಕುಡಿಯಲಿಕ್ಕೆ ಬೇರೆ ನೀರು ಉಂಟು. ಅಮ್ಮನಿಗೆ ಮಂಡಿನೋವು ಅಂದ್ರಲ್ಲ, ಕೆಳಗಿನ ಕೋಣೆ ಇಡ್ತೇನೆ. ಮೆಟ್ಟಿಲು ಎರಡೇ.” ಮುಚ್ಚಿಡದೆ ಕೊರತೆ ಹೇಳಿದ ಮನೆ ಅದು. ಅಲ್ಲೇ ಅಡ್ವಾನ್ಸ್ ಕಳಿಸಿದೆ.

ನಿಮ್ಮ ಜೊತೆ ಬರುವವರಲ್ಲಿ ಅತಿ ಹಿರಿಯರು ಯಾರು, ಅತಿ ಚಿಕ್ಕವರು ಯಾರು ಅಂತ ಮನಸ್ಸಿನಲ್ಲಿಟ್ಟುಕೊಂಡು ಕೇಳಿ. ಕಮೋಡ್ ಇದೆಯಾ? ಬಿಸಿನೀರು ಹೊತ್ತೆಲ್ಲ ಬರುತ್ತದಾ, ಬೆಳಿಗ್ಗೆ ಮಾತ್ರವಾ? ಕರೆಂಟ್ ಹೋದರೆ ಫ್ಯಾನ್ ಓಡುತ್ತದಾ? ಮಡಿಕೇರಿಯ ಚಳಿಗೆ ಫ್ಯಾನೇ ಬೇಡದಿರಬಹುದು. ಕರಾವಳಿಯ ಸೆಕೆಯಲ್ಲಿ ಅದಿಲ್ಲದೆ ಮಗು ಮಲಗುವುದಿಲ್ಲ. ಫೋನ್ ನೆಟ್‌ವರ್ಕ್ ಯಾವುದು ಸಿಗುತ್ತದೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ?

ಊಟದ ವಿಷಯಕ್ಕೆ ಸಂಕೋಚ ಬೇಡ. ಕರಾವಳಿಯಲ್ಲಿ ಮಧ್ಯಾಹ್ನಕ್ಕೆ ಕುಚಲಕ್ಕಿ, ಅಂದರೆ ಭತ್ತ ಬೇಯಿಸಿ ಮಾಡಿದ ಅಕ್ಕಿಯ ಅನ್ನ ಬರಬಹುದು. ನಮ್ಮ ಕಡೆಯ ಹಿರಿಯರಿಗೆ ಅದು ಒಗ್ಗದೆ ಇರಬಹುದು. ಬೆಳ್ತಿಗೆ, ಅಂದರೆ ನಾವು ತಿನ್ನುವ ಬಿಳಿ ಅಕ್ಕಿಯ ಅನ್ನ ಬೇಕು ಅಂತ ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ರಾಗಿಮುದ್ದೆ ನಿರೀಕ್ಷಿಸಬೇಡಿ.

ಹೋಂಸ್ಟೇ ಆದರೆ ಇನ್ನೆರಡು ಪ್ರಶ್ನೆ: ಮನೆಯವರು ಅಲ್ಲೇ ಇರುತ್ತಾರಾ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ? ಬರೀ ಕೆಲಸದವರ ಕೈಗೆ ಕೀ ಕೊಟ್ಟು ಹೋಗುವ ಮನೆ ನನಗೆ ಇಷ್ಟ ಇಲ್ಲ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆ ಊರು ಬಲ್ಲ ಒಬ್ಬರು ಪಕ್ಕದಲ್ಲಿ ಇರಬೇಕು, ಅಲ್ವಾ?

5. ದುಡ್ಡಿನ ಮಾತು ಬಿಡಿಸಿ ಕೇಳಿ

ಕೊಡಗು, ಮಲೆನಾಡಿನ ಹೋಂಸ್ಟೇಗಳಲ್ಲಿ ಎಷ್ಟೋ ಕಡೆ ತಲೆಗೆ ಇಷ್ಟು ಅಂತ ದರ, ಊಟ ತಿಂಡಿ ಸೇರಿ. ಲಾಡ್ಜ್, ಹೋಟೆಲುಗಳಲ್ಲಿ ಕೋಣೆಗೆ ಇಷ್ಟು. ಎರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಾಲ್ಕು ಜನರ ಊಟದ ಖರ್ಚನ್ನು ಕೋಣೆಯ ದರಕ್ಕೆ ಕೂಡಿಸಿ ಆಮೇಲೆ ನೋಡಿ. ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಪೂರ್ತಿ ಹಣ ಮೊದಲೇ ಕಳಿಸಬೇಡಿ. ರಸ್ತೆ ಬಂದ್ ಆಗಿ ಬರಲಾಗದಿದ್ದರೆ ಅಡ್ವಾನ್ಸ್ ಏನಾಗುತ್ತದೆ ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

6. ಹೊರಡುವ ಹಿಂದಿನ ದಿನ

ಇನ್ನೊಂದು ಸಲ ಫೋನ್ ಮಾಡಿ. ಲೊಕೇಶನ್ ಕಳಿಸಲು ಹೇಳಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ತಿಳಿಸಿ. ಎಲ್ಲರ ಆಧಾರ್ ಕಾರ್ಡ್ ಬ್ಯಾಗಿಗೆ ಹಾಕಿಕೊಳ್ಳಿ. ರಾತ್ರಿ ಊಟಕ್ಕೆ ಎಷ್ಟು ಜನ, ಅದರಲ್ಲಿ ಮೀನು ತಿನ್ನುವವರು ಎಷ್ಟು ಅಂತಲೂ ಹೇಳಿ. ಯಾಕೆಂದರೆ ಆ ಮನೆಯವರು ಬೆಳಿಗ್ಗೆಯೇ ಮೀನು ತರಬೇಕು. ಮರುದಿನದ ತಿಂಡಿಗೆ ನೀರುದೋಸೆ ಬೇಕಿದ್ದರೆ ಅದನ್ನೂ ಹಿಂದಿನ ಸಂಜೆಯೇ ಹೇಳಿ, ಅಕ್ಕಿ ನೆನೆಹಾಕಬೇಕಲ್ಲ.