ಅಜ್ಜಿಯ ಡಬ್ಬಿಯ ಬೆಳ್ಳಿ ಬಿಲ್ಲೆ: ನನ್ನ ಅನುಭವ

ಅಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಬೆಳ್ಳಿ ರೂಪಾಯಿಗಳ ಜೊತೆಗಿದ್ದ ಒಂದು ಬಿಲ್ಲೆ ವಾರವಿಡೀ ನನ್ನ ತಲೆ ತಿಂದಿತು. ರಾಜನ ಮುಖವಿದೆ, ಬೆಳ್ಳಿಯೂ ಹೌದು, ಆದರೆ ‘ಒನ್ ರುಪೀ’ ಎಂದು ಎಲ್ಲೂ ಇಲ್ಲ. ತೂಕಕ್ಕೆ ಹಾಕಿದ ಅಂಗಡಿಯವರು ಕರಗಿಸೋಣವೇ ಅಂದರು. ಕೊಡಲಿಲ್ಲ, ಪುಣ್ಯ.

ಮನೆಗೆ ಬಂದು ಬ್ರಿಟಿಷ್ ದೊರೆ ಐದನೇ ಜಾರ್ಜನ ರೂಪಾಯಿಯೊಂದನ್ನು ಪಕ್ಕದಲ್ಲಿಟ್ಟು ನೋಡಿದೆ. ರೂಪಾಯಿಯ ಅಗಲ ಸುಮಾರು 30.5 ಮಿ.ಮೀ., ಇದು 32. ರೂಪಾಯಿಯಲ್ಲಿ ರಾಜ ಒಬ್ಬನೇ. ಇದರಲ್ಲಿ ರಾಣಿಯ ಮುಖವೂ ಇದೆ, ಇಬ್ಬರಿಗೂ ಕಿರೀಟ. ಅಲ್ಲೇ ಅನುಮಾನ ಗಟ್ಟಿಯಾಯಿತು.

ಆಮೇಲೆ ದೀಪ ಆರಿಸಿ, ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದೆ. ಸವೆದ ಅಕ್ಷರಗಳು ನೆರಳಿನಲ್ಲಿ ಎದ್ದು ಬಂದವು. ಟಂಕಸಾಲೆಯ ಗುರುತು ಅಂದುಕೊಂಡಿದ್ದ ‘ಎಂಸಿಎಂಎಕ್ಸ್‌ಎಕ್ಸ್‌ಎಕ್ಸ್‌ವಿ’ ರೋಮನ್ ಅಂಕಿಯಲ್ಲಿ 1935! ಹಿಂಬದಿಯಲ್ಲಿ ಕಿರೀಟದ ಕೆಳಗೆ ‘ಜಿಆರ್‌ಐ’ (ಲ್ಯಾಟಿನ್‌ನಲ್ಲಿ ‘ಜಾರ್ಜ್, ರಾಜ ಮತ್ತು ಚಕ್ರವರ್ತಿ’ ಎಂಬುದರ ಮೊದಲಕ್ಷರಗಳು), ಜೊತೆಗೆ ಎರಡು ದಿನಾಂಕ: ಮೇ 6, 1910 ಮತ್ತು ಮೇ 6, 1935. ಐದನೇ ಜಾರ್ಜ್ ಪಟ್ಟವೇರಿ 25 ವರ್ಷವಾದಾಗ ಕೊಟ್ಟ ಬೆಳ್ಳಿಹಬ್ಬದ ಪದಕ. ಮೇಲಂಚಿನಲ್ಲಿ ಅರದಿಂದ ಉಜ್ಜಿದ ಸಣ್ಣ ತಗ್ಗು ಬೆರಳಿಗೆ ಸಿಕ್ಕಿತು. ರಿಬ್ಬನ್ ಕಟ್ಟುವ ಬಳೆಯನ್ನು ಯಾರೋ ತೆಗೆದಿದ್ದಾರೆ. ನಾಣ್ಯದಂತೆ ಕಂಡದ್ದು ಅದಕ್ಕೇ.

ನಿಮ್ಮ ಡಬ್ಬಿಯಲ್ಲೂ ಹೀಗೆ ಬೆಲೆ ಬರೆಯದ ಬಿಲ್ಲೆ ಸಿಕ್ಕರೆ ಮೊದಲು ಮೇಲಂಚು ತಡವಿ ನೋಡಿ, ಬಳೆಯ ಗುರುತು ಹುಡುಕಿ. ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ತಿಕ್ಕಿದಾಗ ಬೆಳ್ಳಿಯ ಮೇಲಿನ ಕಪ್ಪಿನ ಜೊತೆ ಅಕ್ಷರದ ಅಂಚೂ ಹೋಗುತ್ತದೆ. ನಮ್ಮದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಟ್ಟಿದ್ದೇನೆ. ಇದು ಯಾರ ಎದೆಯ ಮೇಲಿತ್ತು ಎಂದು ಈಗ ಅಜ್ಜಿಯ ತಮ್ಮನನ್ನು ಕೇಳಬೇಕು.