ಮಲಗಿದ ಕೂಡಲೇ ಕೆಮ್ಮು ಬರುತ್ತಾ? ಹೊಟ್ಟೆಯ ಕಡೆಗೂ ನೋಡಿ

ನಮ್ಮಮ್ಮನಿಗೆ ನಾಲ್ಕು ತಿಂಗಳು ಕೆಮ್ಮು ಬಿಡಲಿಲ್ಲ. ಹಗಲು ಅಷ್ಟಾಗಿ ಇರುತ್ತಿರಲಿಲ್ಲ. ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಮಲಗಿದರೆ ಹತ್ತು ನಿಮಿಷಕ್ಕೆ ಶುರು. ಕಫ ಇಲ್ಲ, ಜ್ವರ ಇಲ್ಲ, ಬರೀ ಒಣಕೆಮ್ಮು. ಎದ್ದು ಕೂತರೆ ಕಡಿಮೆ, ಮತ್ತೆ ಒರಗಿದರೆ ಮತ್ತೆ ಅದೇ. ಮೂರು ಬಾಟಲಿ ಸಿರಪ್ ಖಾಲಿಯಾಯಿತು. ಮಲಗುವ ಮುಂಚೆ ಮೆಣಸು, ಶುಂಠಿ ಹಾಕಿದ ಕಷಾಯವೂ ಆಯಿತು. ಕೊನೆಗೆ ಒಬ್ಬ ವೈದ್ಯರು ಕೇಳಿದರು: "ರಾತ್ರಿ ಊಟ ಎಷ್ಟೊತ್ತಿಗೆ ಮಾಡ್ತೀರಮ್ಮ? ಮಲಗೋದು ಯಾವಾಗ?" ಊಟ ಹತ್ತಕ್ಕೆ, ನಿದ್ದೆ ಹತ್ತೂವರೆಗೆ. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ?

ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಬಳೆಯಂಥ ಒಂದು ಸ್ನಾಯು ಇದೆ. ತುತ್ತು ಇಳಿಯುವಾಗ ಅದು ತೆರೆದುಕೊಂಡು, ಆಮೇಲೆ ಬಿಗಿಯಾಗಿ ಮುಚ್ಚಬೇಕು. ಸಡಿಲವಾದರೆ ಹೊಟ್ಟೆಯ ಆಸಿಡ್ ಮೇಲೇರುತ್ತದೆ. ಕೆಲವರಿಗೆ ಅದು ಗಂಟಲವರೆಗೂ ಬಂದು ಕೆರಳಿಸುತ್ತದೆ. ಇನ್ನು ಕೆಲವರಿಗೆ ಅಷ್ಟು ಮೇಲೆ ಬರಬೇಕಾಗಿಯೂ ಇಲ್ಲ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ವೇಗಸ್ ಎಂಬ ಒಂದೇ ನರದ ಎಳೆಗಳು ಹೋಗುತ್ತವೆ. ಹಾಗಾಗಿ ಕೆಳಗೆ ಕೆರಳಿದರೂ ಮೇಲೆ ಕೆಮ್ಮು ಬರುತ್ತದೆ. ಕೆಮ್ಮಿದಾಗ ಹೊಟ್ಟೆ ಅದುಮಿದಂತಾಗಿ ಇನ್ನಷ್ಟು ಆಸಿಡ್ ಮೇಲೆ ಬರುತ್ತದೆ. "ನನಗೆ ಎದೆಯುರಿ, ಹುಳಿತೇಗು ಏನೂ ಇಲ್ಲವಲ್ಲ" ಎಂದು ಅಮ್ಮ ವಾದ ಮಾಡಿದ್ದರು. ಎದೆಯುರಿಯೇ ಇಲ್ಲದೆ ಬರೀ ಕೆಮ್ಮು ಕಾಣಿಸುವವರೂ ಬಹಳ ಜನ ಇದ್ದಾರೆ.

ಮೊದಲು: ಬೇರೆ ಕಾರಣ ಇದೆಯಾ ನೋಡಿ

ದೊಡ್ಡವರಲ್ಲಿ 8 ವಾರ ದಾಟಿದ ಕೆಮ್ಮನ್ನು ದೀರ್ಘಕಾಲದ ಕೆಮ್ಮು ಎನ್ನುತ್ತಾರೆ. ಆದರೆ ತೋರಿಸಿಕೊಳ್ಳಲು ಅಷ್ಟು ದಿನ ಕಾಯಬೇಡಿ. 2 ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಅಸ್ತಮಾ, ಮೂಗಿನಿಂದ ಗಂಟಲಿಗೆ ಇಳಿಯುವ ಸಿಂಬಳ, ಸಿಗರೇಟು, ಬೀಡಿ ಇವೂ ಕಾರಣ ಇರಬಹುದು. ಬಿಪಿಗೆ ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ತಗೊಳ್ಳುವವರಿಗೆ ಆ ಮಾತ್ರೆಯಿಂದಲೇ ಒಣಕೆಮ್ಮು ಬರುವುದುಂಟು. ಆದರೆ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ.

ಆಮೇಲೆ: ಒಂದು ವಾರ ಬರೆದಿಡಿ

ಕ್ಯಾಲೆಂಡರಿನ ಹಿಂದೆ ಬರೆದರೂ ಸಾಕು. ಏನು ತಿಂದಿರಿ, ಎಷ್ಟಕ್ಕೆ ಮಲಗಿದಿರಿ, ಕೆಮ್ಮು ಯಾವಾಗ ಬಂತು. ಊಟ ಆದ ಮೇಲೆ, ಬಗ್ಗಿ ಕಸ ಗುಡಿಸುವಾಗ, ಮಲಗಿದಾಗ ಜಾಸ್ತಿಯಾಗುತ್ತದೆಯೇ? ಬೆಳಿಗ್ಗೆ ದನಿ ಒಡೆದಿರುತ್ತದೆಯೇ? ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಪದೇ ಪದೇ ಕ್ಯಾಕರಿಸಬೇಕು ಅನಿಸುತ್ತದೆಯೇ? ಇವೆಲ್ಲ ಹೊಟ್ಟೆಯ ಕಡೆ ಬೆರಳು ತೋರಿಸುವ ಗುರುತುಗಳು. ಈ ಚೀಟಿಯನ್ನೇ ವೈದ್ಯರ ಮುಂದಿಡಿ.

ಊಟದ ಹೊತ್ತು ಬದಲಿಸಿ

ನಾನು ಒಂದೇ ಒಂದು ಸಲಹೆ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ. ಊಟಕ್ಕೂ ಮಲಗುವುದಕ್ಕೂ ನಡುವೆ 3 ಗಂಟೆ ಇರಲಿ. ಹತ್ತೂವರೆಗೆ ಮಲಗುವವರು ಏಳೂವರೆಗೆ ಉಣ್ಣಬೇಕು. ಮನೆಮಂದಿಯೆಲ್ಲ ಬರುವವರೆಗೆ ಕಾದು ಕೊನೆಗೆ ಉಣ್ಣುವ ಹೆಂಗಸರಿಗೆ ಇದು ಸುಲಭವಲ್ಲ. ಅವರ ತಟ್ಟೆಯನ್ನು ಮೊದಲು ಹಾಕುವ ಹೊಣೆ ಉಳಿದವರದು. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡುತ್ತೇವೆ.

ಹೊಟ್ಟೆ ಬಿರಿಯುವಷ್ಟು ತಿನ್ನದೆ, ಒಂದು ತುತ್ತು ಕಡಿಮೆ ಇರುವಾಗಲೇ ಏಳಿ. ಕರಿದದ್ದು, ಜಾಸ್ತಿ ಖಾರ, ಹುಳಿ, ಕಾಫಿ, ಚಾಕಲೇಟ್, ಪುದೀನ, ಮದ್ಯ ಹಲವರಿಗೆ ಆಗಿಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಡಬೇಕಿಲ್ಲ. ನಿಮ್ಮ ಚೀಟಿಯಲ್ಲಿ ಕೆಮ್ಮಿನ ಜೊತೆ ಯಾವುದು ಮತ್ತೆ ಮತ್ತೆ ಬರುತ್ತದೋ ಅದನ್ನು ಬಿಟ್ಟು ನೋಡಿ. ಮಲಗುವ ಹೊತ್ತಿನ ಮೆಣಸಿನ ಕಷಾಯವನ್ನು ಅಮ್ಮ ನಿಲ್ಲಿಸಿದರು. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸೀರೆಯ ಲಂಗದ ಲಾಡಿ, ಪ್ಯಾಂಟಿನ ಬೆಲ್ಟ್ ಹೊಟ್ಟೆಯನ್ನು ಬಿಗಿಯದಿರಲಿ.

ಮಂಚದ ತಲೆ ಕಡೆ ಎತ್ತರಿಸಿ

ಎರಡು ದಿಂಬು ಇಟ್ಟುಕೊಂಡರೆ ಸಾಲದು. ಕತ್ತು ಮಾತ್ರ ಮೇಲೇಳುತ್ತದೆ, ಸೊಂಟದಲ್ಲಿ ಮಡಚಿ ಹೊಟ್ಟೆ ಒತ್ತಿಕೊಳ್ಳುತ್ತದೆ. ಇಡೀ ಮೈ ಇಳಿಜಾರಾಗಬೇಕು. ಮಂಚದ ತಲೆ ಕಡೆಯ ಎರಡು ಕಾಲುಗಳ ಅಡಿಗೆ 6ರಿಂದ 8 ಇಂಚು ಎತ್ತರ ಕೊಡಿ. ಎರಡು ಇಟ್ಟಿಗೆ ಒಂದರ ಮೇಲೊಂದು ಅಡ್ಡಲಾಗಿ ಇಟ್ಟರೆ ಹೆಚ್ಚುಕಡಿಮೆ 6 ಇಂಚು. ಜಾರದಂತೆ ಅಡಿಗೊಂದು ಗೋಣಿತಾಟು ಹಾಕಿ. ಮಲಗುವ ಮುಂಚೆ ಮಂಚ ಅಲ್ಲಾಡಿಸಿ ಗಟ್ಟಿ ಇದೆಯಾ ನೋಡಿ. ನೆಲದ ಮೇಲೆ ಮಲಗುವವರು ಸೊಂಟದಿಂದ ತಲೆವರೆಗೆ ಹಾಸಿಗೆಯ ಅಡಿಗೆ ಕಂಬಳಿ ಮಡಚಿ ಇಳಿಜಾರು ಮಾಡಿಕೊಳ್ಳಬಹುದು. ಎಡಮಗ್ಗುಲಲ್ಲಿ ಮಲಗಿದರೆ ಆಸಿಡ್ ಮೇಲೇರುವುದು ಕಡಿಮೆ.

ಮಾತ್ರೆಯ ವಿಷಯ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳಬೇಕು. ತಿಂಡಿ ತಿಂದಮೇಲೆ ನುಂಗಿ "ಕೆಲಸ ಮಾಡಲಿಲ್ಲ" ಅನ್ನುವವರೇ ಹೆಚ್ಚು. ಅವು ಆಸಿಡ್ ಕಡಿಮೆ ಮಾಡುತ್ತವೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬರುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಎದೆಯುರಿ ಇಲ್ಲದವರಿಗೆ ಬರೀ ಮಾತ್ರೆಯಿಂದ ಕೆಮ್ಮು ಹೋಗುವ ಭರವಸೆ ಕಡಿಮೆ. ಅಂಗಡಿಯಿಂದ ತಂದು ವರ್ಷಗಟ್ಟಲೆ ಸುಮ್ನೆ ನುಂಗಬೇಡಿ, ಮೈಯಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಬಹಳ ದಿನ ತಗೊಂಡಿದ್ದರೆ ಒಮ್ಮೆಲೇ ಬಿಡಲೂ ಬೇಡಿ. ಆಸಿಡ್ ಮತ್ತೆ ಉಕ್ಕುತ್ತದೆ.

ಎದೆಯುರಿ ಕೆಲವೇ ದಿನಗಳಲ್ಲಿ ಇಳಿದರೂ ಕೆಮ್ಮಿಗೆ 2ರಿಂದ 3 ತಿಂಗಳು ಬೇಕಾಗುತ್ತದೆ. ಕೆರಳಿದ ಗಂಟಲು ನಿಧಾನವಾಗಿ ಮಾಯಬೇಕಲ್ಲ! ಅಮ್ಮ ಮೂರನೇ ವಾರಕ್ಕೇ "ಇದೂ ಆಗಲಿಲ್ಲ" ಎಂದು ಕೈಚೆಲ್ಲಿದ್ದರು. ರಾತ್ರಿಯಿಡೀ ಮಲಗಿದ್ದು ಹತ್ತನೇ ವಾರದಲ್ಲಿ. ಅಲ್ಲಿಯವರೆಗೆ ಕೆಮ್ಮು ಬರುವ ಹಾಗಾದಾಗ ಒಂದು ಗುಟುಕು ನೀರು ಕುಡಿದು, ಬಾಯಿ ಮುಚ್ಚಿ ಮೂಗಿನಿಂದ ನಿಧಾನಕ್ಕೆ ಉಸಿರಾಡುತ್ತಿದ್ದರು. ಅಷ್ಟರಲ್ಲಿ ಎಷ್ಟೋ ಸಲ ಕೆಮ್ಮು ತಡೆಯುತ್ತಿತ್ತು. ಮೂರು ತಿಂಗಳಾದರೂ ಬಗ್ಗದಿದ್ದರೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ಒಳಗೆ ನೋಡುವುದು), 24 ಗಂಟೆ ಆಸಿಡ್ ಅಳೆಯುವ ಪರೀಕ್ಷೆ ಬೇಕಾ ಎಂದು ವೈದ್ಯರನ್ನು ಕೇಳಿ.

ಕಫದಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ, ಏದುಸಿರು, ಕಪ್ಪು ಮಲ, ಮೂರು ವಾರ ದಾಟಿದ ಒಡಕು ದನಿ ಇದ್ದರೆ ಮನೆಮದ್ದು, ಇಟ್ಟಿಗೆ ಎಲ್ಲ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.